ಮುದ್ದೆ ಎದೆಯಲ್ಲೇ ನಿಂತರೆ

ನಮ್ಮ ಬಯಲುಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ದೊಡ್ಡಬಳ್ಳಾಪುರವಿರಲಿ, ಹೊಸಕೋಟೆಯಿರಲಿ, ಮುರಿದ ತುತ್ತನ್ನು ಬೆರಳಲ್ಲಿ ಉಂಡೆ ಮಾಡಿ ಬಸ್ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಹಲ್ಲಿಗೆ ಕೆಲಸವಿಲ್ಲ. ಅದು ಜಾರಿ ಇಳಿಯುವ ದಾರಿ ಅನ್ನನಾಳ, ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಆ ದಾರಿಯಲ್ಲಿ ಉರಿಯೂತವಾಗಿ ಜಾಗ ಕಿರಿದಾದರೆ ಈ ಕಡೆಯವರಿಗೆ ಮೊದಲು ಗೊತ್ತಾಗುವುದು ಮುದ್ದೆಯಿಂದಲೇ. ‘ಎದೆ ಹತ್ರ ನಿಂತ್ಬಿಡ್ತು’ ಎಂದು ನೀರು ಕುಡಿಯುತ್ತಾರೆ. ಕೆಲವು ದಿನ ಮುದ್ದೆ ಬಿಟ್ಟು ಅನ್ನ ಉಣ್ಣುತ್ತಾರೆ. ಆಮೇಲೆ ಮೆಡಿಕಲ್ ಸ್ಟೋರಿನಿಂದ ‘ಗ್ಯಾಸ್ಟ್ರಿಕ್’ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತಾರೆ.

ಬಹಳಷ್ಟು ಜನರಿಗೆ ಅದು ಹೊಟ್ಟೆಯ ಆಮ್ಲ ಮೇಲೆ ಬರುವ ತೊಂದರೆಯೇ ಆಗಿರುತ್ತದೆ, ಮಾತ್ರೆಗೆ ತಗ್ಗುತ್ತದೆ. ಆದರೆ ನುಂಗುವಾಗ ನೋವು, ತೂಕ ಇಳಿಯುವುದು, ಮತ್ತೆಮತ್ತೆ ಬಾಯಿಹುಣ್ಣು, ಜೊತೆಗೆ ವಾರಗಟ್ಟಲೆ ಬಿಡದ ಭೇದಿ ಸೇರಿಕೊಂಡರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಾರದು. ಆಗ ವೈದ್ಯರು ಪರಿಶೀಲಿಸುವ ಕಾರಣಗಳಲ್ಲಿ ಅಪರೂಪದ್ದೊಂದು ಕ್ರೋನ್ಸ್ ಕಾಯಿಲೆ.

ದೇಹದ ರೋಗನಿರೋಧಕ ಶಕ್ತಿ ತನ್ನದೇ ಜೀರ್ಣನಾಳದ ಮೇಲೆ ತಿರುಗಿಬಿದ್ದು, ಅದರ ಗೋಡೆಯ ಎಲ್ಲ ಪದರಗಳಲ್ಲೂ ಉರಿಯೂತ ಹುಟ್ಟಿಸುವ ದೀರ್ಘಕಾಲದ ಕಾಯಿಲೆ ಇದು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು 14 ರೋಗಿಗಳ ವಿವರ ಪ್ರಕಟಿಸಿದಾಗ, ಅದು ಸಣ್ಣ ಕರುಳಿನ ಕೊನೆಯ ಭಾಗದ ಕಾಯಿಲೆ ಎಂದೇ ತಿಳಿದಿದ್ದರು. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದೆಂಬುದು ಆಮೇಲೆ ಸ್ಪಷ್ಟವಾಯಿತು. ಅನ್ನನಾಳಕ್ಕೆ ಬರುವುದು ತೀರ ಕಡಿಮೆ. ಬಂದಾಗಲೂ ಸಾಮಾನ್ಯವಾಗಿ ಕರುಳಿನಲ್ಲಿ ಕಾಯಿಲೆ ಇದ್ದೇ ಇರುತ್ತದೆ. ಹಾಗಾಗಿಯೇ ಗಂಟಲಿನ ತೊಂದರೆ ಹೇಳಿಕೊಂಡು ಹೋದವರನ್ನು ವೈದ್ಯರು ಮಲದ ಬಗ್ಗೆ, ಗುದದ ಬಳಿ ಕೀವು ಸೋರುವ ಬಗ್ಗೆ ಕೇಳುತ್ತಾರೆ. ಜೊತೆಯಲ್ಲಿ ಮಾವನೋ ಸೊಸೆಯೋ ಕೂತಿದ್ದಾರೆಂದು ನಾಚಿಕೊಂಡು ‘ಅಂಥದ್ದೇನಿಲ್ಲ’ ಎಂದುಬಿಟ್ಟರೆ ರೋಗ ಪತ್ತೆಯಾಗುವುದೇ ತಡವಾಗುತ್ತದೆ. ಅವರನ್ನು ಹೊರಗೆ ಕೂರಿಸಿ ಎಂದು ಕೇಳುವ ಹಕ್ಕು ರೋಗಿಗಿದೆ.

ನಮ್ಮ ದೇಶದಲ್ಲಿ ಈ ರೋಗದ ಹಾದಿಯಲ್ಲಿ ಇನ್ನೊಂದು ದೊಡ್ಡ ತೊಡಕಿದೆ: ಕ್ಷಯ, ಅಂದರೆ ಟಿಬಿ. ಕರುಳಿನ ಟಿಬಿಯೂ ಕ್ರೋನ್ಸ್ ಕಾಯಿಲೆಯೂ ಒಂದೇ ಜಾಗವನ್ನು ಹಿಡಿಯುತ್ತವೆ, ಒಂದೇ ಥರ ಹುಣ್ಣು ಮಾಡುತ್ತವೆ, ಎರಡರಲ್ಲೂ ಜ್ವರ ಬರುತ್ತದೆ, ತೂಕ ಇಳಿಯುತ್ತದೆ. ಅನ್ನನಾಳದಲ್ಲೂ ಟಿಬಿ ಬರುವುದುಂಟು. ಈ ಗೊಂದಲ ಹೊಸದಲ್ಲ. ಗ್ಲಾಸ್ಗೋದ ಶಸ್ತ್ರವೈದ್ಯ ಕೆನೆಡಿ ಡಾಲ್ಜಿಯಲ್ 1913ರಲ್ಲೇ, ನೋಡಲು ಟಿಬಿಯಂತಿದ್ದೂ ಟಿಬಿಯಲ್ಲದ ಕರುಳಿನ ಉರಿಯೂತವನ್ನು ದಾಖಲಿಸಿದ್ದರು. ತಪ್ಪಿದರೆ ಆಗುವ ಹಾನಿ ಮಾತ್ರ ಎರಡೂ ಕಡೆ ಒಂದೇ ಅಲ್ಲ. ಕ್ರೋನ್ಸ್ ಇದ್ದವರಿಗೆ ಟಿಬಿ ಔಷಧ ಕೊಟ್ಟರೆ ಕೆಲವು ತಿಂಗಳು ಹೋಗುತ್ತವೆ, ಅಷ್ಟರಲ್ಲಿ ಕರುಳು ಇನ್ನಷ್ಟು ಕಿರಿದಾಗಬಹುದು. ಟಿಬಿ ಇದ್ದವರಿಗೆ ಕ್ರೋನ್ಸ್ ಎಂದುಕೊಂಡು ಸ್ಟೆರಾಯ್ಡ್ ಕೊಟ್ಟರೆ ಟಿಬಿ ಮೈಯೆಲ್ಲ ಹರಡಿ ಜೀವಕ್ಕೇ ಕುತ್ತು ಬರಬಹುದು. ಆದ್ದರಿಂದ ಬಯಾಪ್ಸಿ, ಅಂದರೆ ಹುಣ್ಣಿನ ಚೂರು ತೆಗೆದು ನೋಡುವ ಪರೀಕ್ಷೆ, ಇಲ್ಲದೆ, ಟಿಬಿಯ ವಿಚಾರ ಇತ್ಯರ್ಥವಾಗದೆ ಸ್ಟೆರಾಯ್ಡ್ ಮಾತ್ರೆ ಶುರು ಮಾಡುವುದಕ್ಕೆ ರೋಗಿಯ ಮನೆಯವರು ಒಪ್ಪಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟಿಬಿ ಪರೀಕ್ಷೆ ಮತ್ತು ಔಷಧ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಎಂಡೋಸ್ಕೋಪಿಗೆ, ತಜ್ಞರಿಗೆ ಬೆಂಗಳೂರಿಗೇ ಬರಬೇಕಾದೀತು. ಅಲ್ಲಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜೀರ್ಣಾಂಗ ರೋಗಗಳಿಗೆಂದೇ ಸರ್ಕಾರಿ ಸಂಸ್ಥೆಯೊಂದಿದೆ. ಎಂಡೋಸ್ಕೋಪಿಗೆ ಮೊದಲು ಆರೆಂಟು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಕಿರುಬೆರಳ ದಪ್ಪದ ಕ್ಯಾಮೆರಾ ಕೊಳವೆಯನ್ನು ಒಳಗಿಳಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಹುಣ್ಣಿನಿಂದ ಚೂರುಚೂರು ಮಾಂಸ ತೆಗೆಯುವಾಗ ನೋವಾಗುವುದಿಲ್ಲ. ಆ ಚೂರುಗಳಲ್ಲಿ ಟಿಬಿಯ ರೋಗಾಣು ಸಿಗಲಿಲ್ಲವೆಂದ ಮಾತ್ರಕ್ಕೆ ಟಿಬಿ ಇಲ್ಲವೆಂದಲ್ಲ. ಅದಕ್ಕೇ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿ, ಸ್ಕ್ಯಾನ್, ಎದೆಯ ಎಕ್ಸ್‌ರೇಗಳನ್ನೂ ಜೊತೆಗಿಟ್ಟು ನೋಡುತ್ತಾರೆ. ಆದರೂ ಅನುಮಾನ ಉಳಿದರೆ ಮೊದಲು ಟಿಬಿ ಔಷಧ ಕೊಟ್ಟು, ಎರಡು ಮೂರು ತಿಂಗಳ ಬಳಿಕ ಮತ್ತೆ ಕ್ಯಾಮೆರಾ ಹಾಕಿ ಹುಣ್ಣು ಮಾಗಿದೆಯೇ ಎಂದು ಪರೀಕ್ಷಿಸುವುದು ನಮ್ಮಲ್ಲಿ ರೂಢಿ.

ಕ್ರೋನ್ಸ್ ಎಂದು ಖಚಿತವಾದ ಮೇಲೆ ಆಮ್ಲ ತಗ್ಗಿಸುವ ಮಾತ್ರೆಯ ಜೊತೆ ಕೆಲವು ವಾರ ಸ್ಟೆರಾಯ್ಡ್, ಆಮೇಲೆ ಅಜಾಥಯೋಪ್ರಿನ್‌ನಂಥ ನಿಧಾನದ ಔಷಧ. ಇದರ ಪರಿಣಾಮ ಕಾಣಲು ಎರಡು ಮೂರು ತಿಂಗಳು ಬೇಕು, ಮೊದಲ ವಾರಗಳಲ್ಲಿ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ: ಕೆಲವರಲ್ಲಿ ಬಿಳಿರಕ್ತಕಣ ದಿಢೀರನೆ ಕುಸಿಯುತ್ತದೆ. ಕಾಯಿಲೆ ಗಟ್ಟಿಯಾಗಿದ್ದರೆ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್ ಚುಚ್ಚುಮದ್ದು. 2014ರಲ್ಲಿ ಅಹಮದಾಬಾದಿನ ಜೈಡಸ್ ಕಂಪನಿ ಅಡಲಿಮುಮ್ಯಾಬ್‌ನ ದೇಶಿ ರೂಪ ತಂದ ಮೇಲೆ ಬೆಲೆ ಇಳಿದಿದೆ, ಬಡವರ ಕೈಗೆಟುಕುವಷ್ಟಲ್ಲ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕರೆಂಟು ಹೋಗಿಬರುವ ಹಳ್ಳಿಯಲ್ಲಿ ಇದು ಸಣ್ಣ ಮಾತಲ್ಲ. ಒಳಗೆ ಅಡಗಿರುವ ಟಿಬಿಯನ್ನು ಈ ಮದ್ದುಗಳು ಎಬ್ಬಿಸಬಲ್ಲವು, ಆದ್ದರಿಂದ ಮೊದಲೇ ಪರೀಕ್ಷೆ ಕಡ್ಡಾಯ. ನಾಳ ಗಾಯದ ಕಲೆಯಿಂದ ಕಿರಿದಾಗಿದ್ದರೆ ಎಂಡೋಸ್ಕೋಪಿಯಲ್ಲೇ ಪುಟ್ಟ ಬಲೂನು ಉಬ್ಬಿಸಿ ಹಿಗ್ಗಿಸುತ್ತಾರೆ.

ಊಟದ ವಿಚಾರಕ್ಕೆ ಬಂದರೆ, ಈ ಕಾಯಿಲೆಯನ್ನು ವಾಸಿಮಾಡುವ ಪಥ್ಯ ಯಾವುದೂ ಇಲ್ಲ. ಹುಣ್ಣು ಹಸಿಯಿರುವಾಗ ರಾಗಿ ಅಂಬಲಿ, ಸಾರಿನಲ್ಲಿ ಕಿವುಚಿದ ಮೆತ್ತನೆಯ ಅನ್ನ, ನೆನೆಸಿದ ಇಡ್ಲಿ ಸುಲಭವಾಗಿ ಇಳಿಯುತ್ತವೆ. ಖಾರ, ಬಿಸಿ, ಬಾಡಿನ ದೊಡ್ಡ ತುಂಡು ಬೇಡ. ದೇವನಹಳ್ಳಿಯವರು ಇನ್ನೊಂದು ಗಮನಿಸಬೇಕು: ಊರಿಗೆ ಹೆಸರು ತಂದ ಚಕ್ಕೋತ ಗ್ರೇಪ್‌ಫ್ರೂಟ್‌ನ ಮೂಲ ತಳಿ. ಗ್ರೇಪ್‌ಫ್ರೂಟ್ ಬುಡೆಸೊನೈಡ್ ಎಂಬ ಸ್ಟೆರಾಯ್ಡಿನ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಆ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಚಕ್ಕೋತವನ್ನೂ ತಿನ್ನಬಾರದು. ದಿನವಿಡೀ ಮಗ್ಗದ ಮುಂದೆ ನಿಂತವರು ಮೈಕೈ ನೋವಿಗೆಂದು ನುಂಗುವ ಡೈಕ್ಲೊಫಿನಾಕ್, ಐಬುಪ್ರೊಫೇನ್ ಮಾತ್ರೆಗಳು ಹುಣ್ಣನ್ನು ಕೆರಳಿಸುತ್ತವೆ. ಬೀಡಿ, ಸಿಗರೇಟು ಕಾಯಿಲೆಯನ್ನೇ ಉಲ್ಬಣಗೊಳಿಸುತ್ತವೆ. ಉಗುಳು ಕೂಡ ನುಂಗಲಾಗದಂತೆ ತುತ್ತು ಸಿಕ್ಕಿಕೊಂಡರೆ, ಅನ್ನದುಂಡೆ ನುಂಗಿಸಿ ತಳ್ಳಲು ಹೋಗದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿನೈದರಿಂದ ಮೂವತ್ತೈದರ ವಯಸ್ಸಿನಲ್ಲಿ, ಮನೆಯಲ್ಲಿ ಮದುವೆಯ ಮಾತು ನಡೆಯುವ ಕಾಲಕ್ಕೆ. ಸಂಬಂಧ ತಪ್ಪೀತೆಂದು ಹೆಣ್ಣುಮಕ್ಕಳ ಔಷಧವನ್ನೇ ನಿಲ್ಲಿಸುವ ಮನೆಗಳಿವೆ. ಅದು ಅನ್ಯಾಯ, ಅಪಾಯವೂ ಹೌದು. ಇದು ಅಂಟುರೋಗವಲ್ಲ. ಕಾಯಿಲೆ ಹತೋಟಿಯಲ್ಲಿದ್ದಾಗ ಗರ್ಭ ಧರಿಸಿದರೆ ತಾಯಿ ಮಗು ಇಬ್ಬರಿಗೂ ಕ್ಷೇಮ. ಅಜಾಥಯೋಪ್ರಿನ್, ಅಡಲಿಮುಮ್ಯಾಬ್‌ಗಳನ್ನು ಸಾಮಾನ್ಯವಾಗಿ ಬಸಿರಿನಲ್ಲೂ ಮುಂದುವರಿಸುತ್ತಾರೆ. ಇದೇ ಕಾಯಿಲೆಗೆ ಕೆಲವರಿಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರ ಭ್ರೂಣಕ್ಕೆ ಹಾನಿಕರ, ಅದನ್ನು ವೈದ್ಯರ ಸಲಹೆಯಂತೆ ತಿಂಗಳುಗಳ ಮುಂಚೆಯೇ ಬದಲಿಸಿಕೊಳ್ಳಬೇಕು.