ಎದೆಬಡಿತಕ್ಕೆ ಉಸಿರಿನ ಲಗಾಮು

ಕಳೆದ ಭಾದ್ರಪದದ ಒಂದು ರಾತ್ರಿ. ಸಂಡೂರಿನ ಬೆಟ್ಟಗಳ ಮೇಲೆ ಮೋಡಗಳು ಇಳಿದು ಕುಳಿತಿದ್ದವು, ಹೊರಗೆ ಜಡಿಮಳೆ. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯವರು, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದರೆಂದು ನಮ್ಮೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುವುದುಂಟು. ಆದರೆ ಅಂದು ಊರಿನ ಸೊಬಗನ್ನು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೇಜಿನ ಮೇಲೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು, ಅದರ ಪಕ್ಕದಲ್ಲಿ ಮನೆಸಾಲದ ಕಾಗದ, ತಲೆಯಲ್ಲಿ ತಂಗಿಯ ಮದುವೆಯ ಚಿಂತೆ. ಇದ್ದಕ್ಕಿದ್ದಂತೆ ಎದೆ ಬಿಗಿಯಿತು. ಉಸಿರು ಮೇಲಿನಿಂದ ಮೇಲೆ ಬರತೊಡಗಿತು. ಬೆರಳ ತುದಿಗಳಲ್ಲಿ ಇರುವೆ ಹರಿದಂತಾಯಿತು, ಕಣ್ಣು ಕತ್ತಲೆಗೂಡಿತು.

ನನ್ನ ತಂದೆಯವರು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ನಲವತ್ತೊಂಬತ್ತು ವರ್ಷ. ಆ ಲೆಕ್ಕ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೆರೆಮನೆಯವರ ಕಾರಿನಲ್ಲಿ ಹೊಸಪೇಟೆಗೆ ಹೊರಟಾಗ ನನ್ನ ಹೆಂಡತಿ ದಾರಿಯುದ್ದಕ್ಕೂ ನನ್ನ ಕೈಯನ್ನು ಬಿಡಲಿಲ್ಲ.

ಅಲ್ಲಿ ಇ.ಸಿ.ಜಿ. ತೆಗೆದರು, ರಕ್ತ ಪರೀಕ್ಷಿಸಿದರು. ಬಹಳ ಹೊತ್ತಿನ ಮೇಲೆ ವಯಸ್ಸಾದ ವೈದ್ಯರೊಬ್ಬರು ಬಂದು ಕುರ್ಚಿ ಎಳೆದುಕೊಂಡು ಕುಳಿತರು. "ಮೇಷ್ಟ್ರೇ, ನಿಮ್ಮ ಹೃದಯ ಚೆನ್ನಾಗಿದೆ. ಓಡುತ್ತಿರುವುದು ನಿಮ್ಮ ಉಸಿರು. ಅದರ ಜೊತೆಗೆ ಹೃದಯವೂ ಓಡುತ್ತಿದೆ. ಈಗ ಮೆಲ್ಲಗೆ ಒಳಗೆ ತೆಗೆದುಕೊಳ್ಳಿ. ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ," ಎಂದರು. ಹತ್ತು ನಿಮಿಷಗಳಲ್ಲಿ ಬೆರಳುಗಳ ಜುಮುಗುಟ್ಟುವಿಕೆ ನಿಂತಿತು. ಅತಿಯಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಇಂಥ ಜುಮು, ತಲೆಸುತ್ತು ಬರುತ್ತವೆಯಂತೆ. ನಾನು ಬದುಕಿದೆನೆಂಬ ಸಂತೋಷಕ್ಕಿಂತ, ಮೂವತ್ತಾರನೆಯ ವಯಸ್ಸಿನಲ್ಲಿ ಉಸಿರಾಡುವುದನ್ನು ಕಲಿಯಬೇಕಾಯಿತಲ್ಲಾ ಎಂಬ ನಾಚಿಕೆಯೇ ಹೆಚ್ಚಾಗಿತ್ತು.

ನಾಚಿಕೆಗೆ ಇನ್ನೊಂದು ಕಾರಣವೂ ಉಂಟು. ನಾನು ಪಾಠ ಹೇಳುವ ಭಾಷೆಯಲ್ಲಿಯೇ ಈ ವಿದ್ಯೆ ಅಡಗಿತ್ತು. ಭಯವಾದರೆ ಉಸಿರು ಕಟ್ಟುತ್ತದೆ, ದುಃಖವಾದರೆ ನಿಟ್ಟುಸಿರು, ಓಡಿದರೆ ಏದುಸಿರು, ಕೆಲಸ ಮುಗಿದರೆ 'ಉಸ್ಸಪ್ಪಾ'. ಹಳಗನ್ನಡದ ಕವಿಗಳ ವಿರಹಿಗಳು 'ಸುಯ್ಯು'ತ್ತಲೇ ಇರುತ್ತಾರೆ. 'ಉಸುರು' ಎಂದರೆ ಹೇಳು ಎಂದೂ ಅರ್ಥ. ಎದೆಯೆಂಬ ಮಾತೂ ಹಾಗೆಯೇ. ಅದು ಅಂಗವೂ ಹೌದು, ಧೈರ್ಯವೂ ಹೌದು, ಮನಸ್ಸೂ ಹೌದು. ಇಷ್ಟನ್ನೆಲ್ಲ ಕರಿಹಲಗೆಯ ಮೇಲೆ ಬರೆಯುತ್ತಿದ್ದ ನನಗೆ, ಇದು ಶರೀರದ ವಿಷಯವೂ ಹೌದೆಂದು ತೋಚಿರಲಿಲ್ಲ.

ವಾಚಕರು ಈಗಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ನಿಧಾನವಾಗಿ ಉಸಿರಾಡಿರಿ. ಉಸಿರು ಒಳಗೆ ಹೋಗುವಾಗ ನಾಡಿ ತುಸು ಚುರುಕಾಗುತ್ತದೆ, ಹೊರಬರುವಾಗ ಹಿಂದೆಗೆಯುತ್ತದೆ. ಎಳೆಯರಲ್ಲಿ ಇದು ಸ್ಪಷ್ಟ, ವಯಸ್ಸಾದಂತೆ ಮಂಕು. ಜರ್ಮನಿಯ ಕಾರ್ಲ್ ಲುಡ್ವಿಗ್ ಎಂಬ ಶರೀರಶಾಸ್ತ್ರಜ್ಞ 1847ರಲ್ಲಿಯೇ ತಾನು ರಚಿಸಿದ ಯಂತ್ರದಲ್ಲಿ ಇದನ್ನು ಗುರುತಿಸಿದ್ದ. ಮಿದುಳಿನ ಬುಡದಿಂದ ಹೊರಟು ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ಎಂಬ ನರವು ಹೃದಯಕ್ಕೆ ಕಡಿವಾಣದಂತಿದೆ. ಉಸಿರು ಬಿಡುವಾಗ ಆ ಕಡಿವಾಣ ಬಿಗಿಯಾಗುತ್ತದೆ, ಎಳೆದುಕೊಳ್ಳುವಾಗ ಸಡಿಲುತ್ತದೆ. ಹೃದಯಕ್ಕೆ 'ನಿಧಾನ' ಎಂದು ನಾವು ನೇರವಾಗಿ ಆಜ್ಞೆ ಮಾಡಲಾರೆವು. ಉಸಿರಿನ ಮೂಲಕವಾದರೆ ಹೇಳಿ ಕಳುಹಿಸಬಹುದು.

ಆದರೆ ಹೃದಯವನ್ನು ನಿಲ್ಲಿಸಿಯೇ ಬಿಡಬಹುದೇ? ಈ ಪ್ರಶ್ನೆಯ ಕಥೆ ನಮ್ಮ ನಾಡಿನದೇ. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಬೆಳ್ಳೂರಿನಿಂದ ಬಂದ ರೋಗಪೀಡಿತ ಹುಡುಗ ಬಿ.ಕೆ.ಎಸ್. ಅಯ್ಯಂಗಾರರು ಯೋಗ ಕಲಿತದ್ದು ಇವರ ಬಳಿಯಲ್ಲಿ. 1934ರಲ್ಲಿ ಹೊರಬಂದ ಆಚಾರ್ಯರ 'ಯೋಗಮಕರಂದ' ಕನ್ನಡದ ಗ್ರಂಥ; ಇಂದು ಜಗತ್ತು ಕೊಂಡಾಡುವ ಯೋಗದ ಒಂದು ಮೂಲ ಪುಸ್ತಕ ನಮ್ಮ ಭಾಷೆಯಲ್ಲಿದೆಯೆಂಬುದನ್ನು ನಾವೇ ಮರೆತಿದ್ದೇವೆ.

ಆಚಾರ್ಯರು ನಾಡಿಯನ್ನು ನಿಲ್ಲಿಸಿ ತೋರಿಸುತ್ತಾರೆಂಬ ಖ್ಯಾತಿ ಹಬ್ಬಿತ್ತು. 1935ರಲ್ಲಿ ತೆರೇಸ್ ಬ್ರಾಸ್ ಎಂಬ ಫ್ರೆಂಚ್ ಹೃದಯತಜ್ಞೆ ಯಂತ್ರ ಹೊತ್ತು ಭಾರತಕ್ಕೆ ಬಂದರು. ಆಕೆಯ ದಾಖಲೆಯಲ್ಲಿ ಹೃದಯದ ವಿದ್ಯುತ್ತಿನ ಗೆರೆ ಹೆಚ್ಚುಕಡಿಮೆ ಸಮತಟ್ಟಾಯಿತು. ಪವಾಡವೆಂದು ಜನ ಬೆರಗಾದರು. ಮುಂದೆ ಅಮೆರಿಕದ ವೆಂಗರ್, ಬಾಗ್ಚಿ ಹಾಗೂ ದಿಲ್ಲಿಯ ಆನಂದ್ ಅವರು ಹೆಚ್ಚು ಸೂಕ್ಷ್ಮವಾದ ಉಪಕರಣಗಳಿಂದ ಕೆಲವು ಯೋಗಿಗಳನ್ನು ಪರೀಕ್ಷಿಸಿದರು. ಎಪ್ಪತ್ತರ ಹತ್ತಿರವಿದ್ದ ಕೃಷ್ಣಮಾಚಾರ್ಯರೂ ಅವರಲ್ಲಿ ಒಬ್ಬರು. 1961ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಉಸಿರು ಹಿಡಿದು ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ನಾಡಿ ಕೈಗೆ ಸಿಗದು, ಬಡಿತ ಕಿವಿಗೆ ಕೇಳಿಸದು. ಆದರೆ ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ.

ಇದರಿಂದ ಆಚಾರ್ಯರ ಗೌರವಕ್ಕೆ ಕುಂದು ಬಂದಿತೆಂದು ನಾನು ಭಾವಿಸುವುದಿಲ್ಲ. ನೂರು ವರ್ಷ ಬಾಳಿ 1989ರಲ್ಲಿ ತೀರಿಕೊಂಡ ಅವರು ಸಾವಿರಾರು ರೋಗಿಗಳಿಗೆ ಉಪಕಾರ ಮಾಡಿದ್ದು ಹೃದಯ ನಿಲ್ಲಿಸಿಯಲ್ಲ, ಉಸಿರು ಕಲಿಸಿ. ಪತಂಜಲಿಯೂ ಯೋಗಸೂತ್ರದ ಮೊದಲ ಪಾದದಲ್ಲಿಯೇ, ಚಿತ್ತ ತಿಳಿಯಾಗಲು ಉಸಿರನ್ನು ಹೊರಬಿಡುವುದನ್ನು ಒಂದು ಉಪಾಯವಾಗಿ ಹೇಳುತ್ತಾನೆ.

ದೊಡ್ಡವರಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಉಸಿರು. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಅವರ ಸಂಗಡಿಗರು 23 ಮಂದಿಯಿಂದ ಲ್ಯಾಟಿನ್ ಭಾಷೆಯ ಜಪಮಾಲೆಯ ಪ್ರಾರ್ಥನೆಯನ್ನೂ ಟಿಬೆಟ್ಟಿನವರ ಮಣಿಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಆರರ ಸುಮಾರಿಗೆ ಇಳಿಯಿತು. ರಕ್ತದೊತ್ತಡವನ್ನು ಹದದಲ್ಲಿಡುವ ಶರೀರದ ಏರ್ಪಾಡು ಚುರುಕಾಯಿತು. ದೇವರು ಬೇರೆಯಾದರೂ ಉಸಿರಿನ ಲೆಕ್ಕ ಒಂದೇ!

ನಾನು ಮಾಡುವುದು ಇಷ್ಟೆ. ಮುಂಜಾನೆ ಅಂಗಳದಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು, ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹತ್ತು ನಿಮಿಷ. ಉಸಿರು ಹಿಡಿದಿಡುವ ಕುಂಭಕದ ಗೊಡವೆ ನನಗಿಲ್ಲ. ರಕ್ತದೊತ್ತಡ, ಹೃದ್ರೋಗ ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಅದಕ್ಕೆ ಕೈಹಾಕಬಾರದು. ಎದೆನೋವು ಬಂದಾಗಲಂತೂ ಮೊದಲು ಆಸ್ಪತ್ರೆ, ಆಮೇಲೆ ಉಸಿರೆಣಿಕೆ. ನನ್ನದು ಬರಿಯ ಗಾಬರಿಯೆಂದು ತಿಳಿದದ್ದು ಇ.ಸಿ.ಜಿ. ತೆಗೆದ ಮೇಲೆಯೇ. ಸಾಲವೂ ಕರಗಿಲ್ಲ, ಉತ್ತರಪತ್ರಿಕೆಗಳೂ ಕಡಿಮೆಯಾಗಿಲ್ಲ. ಆದರೆ ಅವುಗಳ ಎದುರಿನಲ್ಲಿ ಎದೆ ಮೊದಲಿನಂತೆ ಓಡುವುದಿಲ್ಲ.

ಇನ್ನೊಂದು ಮಾತನ್ನು ಸಂಡೂರಿನವನಾಗಿ ಹೇಳದಿರಲಾರೆ. ಒಳ್ಳೆಯ ಉಸಿರಿಗೆ ಒಳ್ಳೆಯ ಗಾಳಿಯೂ ಬೇಕು. ಅದಿರಿನ ಭರಾಟೆಯ ಕಾಲದಲ್ಲಿ ನಮ್ಮ ದಾರಿಯ ಮರಗಳ ಎಲೆಗಳೆಲ್ಲ ಕೆಂಪಾಗಿದ್ದವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನು ತಡೆದಾಗ, ಎಷ್ಟೋ ಮನೆಗಳ ಒಲೆ ತಣ್ಣಗಾಯಿತು, ಎಲೆಗಳು ಹಸುರಾದವು. ಎರಡನ್ನೂ ಕಂಡವರು ನಾವು. ಈಗ ಮತ್ತೆ ಲಾರಿಗಳು ಓಡುತ್ತಿವೆ. ಲಾರಿ ಹೊರಡುವ ಮೊದಲೇ ನಾನು ಅಂಗಳಕ್ಕೆ ಇಳಿಯುತ್ತೇನೆ.

ಮೊನ್ನೆ ತಾಯಿಯವರನ್ನು ಹಂಪೆಗೆ ಕರೆದೊಯ್ದಿದ್ದೆ. ಚಕ್ರತೀರ್ಥದ ಬಳಿ, ಕೋದಂಡರಾಮನ ಗುಡಿಯ ಹಿಂದಿನ ಗುಡ್ಡದಲ್ಲಿ ವ್ಯಾಸರಾಯರು ಪ್ರತಿಷ್ಠಾಪಿಸಿದರೆನ್ನುವ ಯಂತ್ರೋದ್ಧಾರಕ ಹನುಮಂತನಿದ್ದಾನೆ. ಬೆಟ್ಟ ಹೊತ್ತವನಲ್ಲ, ಸಮುದ್ರ ಹಾರಿದವನಲ್ಲ. ಪದ್ಮಾಸನದಲ್ಲಿ ಕುಳಿತ ಹನುಮಂತ. ವಾಯುಪುತ್ರನಾದ ಅವನನ್ನು ನಮ್ಮ ಕಡೆಯವರು ಪ್ರಾಣದೇವರೆಂದೇ ಕರೆಯುತ್ತಾರೆ. ಅರ್ಧ ಮೆಟ್ಟಿಲು ಹತ್ತಿದ ತಾಯಿ ಕಲ್ಲಿಗೊರಗಿ ನಿಂತು, ದೀರ್ಘವಾಗಿ 'ಉಸ್ಸಪ್ಪಾ' ಎಂದು ಉಸಿರು ಬಿಟ್ಟರು. ನಾನು ಅಭ್ಯಾಸಬಲದಿಂದ ಬೆರಳು ಮಡಿಸತೊಡಗಿದೆ.

"ಏನಪಾ ಅದು, ಎಣಸಾಕ ಹತ್ತೀಯಲ್ಲ?"

"ನಿನ್ನ ಉಸಿರಮ್ಮಾ."

"ಅದನ್ನೆಲ್ಲಾ ಎಣಸಬಾರದು. ಕೈ ಹಿಡಿ, ಬಿಸಿಲು ಏರತೈತಿ," ಎಂದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.