ವೀಣೆಯ ಜೀರ್ಣೋದ್ಧಾರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿಗೆ ಸೇರಿದ ತಾಲ್ಲೂಕುಗಳು. ಶೃಂಗೇರಿಯಲ್ಲಿ ತುಂಗಾನದಿ ಹರಿಯುತ್ತದೆ. ನರಸಿಂಹರಾಜಪುರದ ಬಳಿ ಭದ್ರಾ ಜಲಾಶಯದ ಹಿನ್ನೀರು ಹರಡಿಕೊಂಡಿದೆ. ಅಡಕೆ ತೋಟಗಳೂ ಕಾಡೂ ತುಂಬಿದ ಈ ಸೀಮೆಯಲ್ಲಿ ಹಲಸಿನ ಮರವಿಲ್ಲದ ಹಿತ್ತಿಲು ಅಪರೂಪ. ಜನರು ಹಲಸನ್ನು ಹಣ್ಣಿಗಾಗಿ, ಹಪ್ಪಳಕ್ಕಾಗಿ ನೆನೆಯುತ್ತಾರೆ. ವೀಣೆ ಮಾಡುವವನಾದರೋ ಅದನ್ನು ನಾದಕ್ಕಾಗಿ ನೆನೆಯುತ್ತಾನೆ. ದಕ್ಷಿಣ ಭಾರತದ ವೀಣೆಗಳು ಬಹುಮಟ್ಟಿಗೆ ಹಲಸಿನ ಮರದಿಂದಲೇ ಆದವು. ಈ ಮರ ಹಗುರ, ಆದರೆ ಗಟ್ಟಿ. ಹದವಾಗಿ ಒಣಗಿದ ಮೇಲೆ ಸುಲಭವಾಗಿ ಸೊಟ್ಟಗಾಗುವುದಿಲ್ಲ. ಕಡಿದಾಗ ಹಳದಿಯಾಗಿದ್ದುದು ಬೆಳಕು ತಾಗುತ್ತ ತಾಗುತ್ತ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ.

ಶೃಂಗೇರಿಯಲ್ಲಿ ನವರಾತ್ರಿಯ ಒಂದು ದಿನ ಶಾರದೆಗೆ ವೀಣಾಶಾರದೆಯ ಅಲಂಕಾರ ಮಾಡುವುದುಂಟು. ಅಂದು ಸಾವಿರಾರು ಜನರ ಕಣ್ಣು ಆ ವೀಣೆಯ ಮೇಲೆ ನಿಲ್ಲುತ್ತದೆ. ಆದರೆ ಸಂಗೀತಾಭ್ಯಾಸವಿದ್ದ ಹಳೆಯ ಮನೆಗಳಲ್ಲಿ ಅಜ್ಜಿಯೋ ಅತ್ತೆಯೋ ಒಮ್ಮೆ ನುಡಿಸುತ್ತಿದ್ದ ವೀಣೆಯ ಪಾಡು ಬೇರೆ. ನುಡಿಸುವವರು ಇಲ್ಲವಾದ ಮೇಲೆ ಅದು ಬಟ್ಟೆ ಸುತ್ತಿಕೊಂಡು ಅಟ್ಟ ಸೇರುತ್ತದೆ. ಮಲೆನಾಡಿನ ಅಟ್ಟವೆಂದರೆ ಮರದ ವಾದ್ಯಕ್ಕೆ ಸುಖದ ತಾಣವಲ್ಲ. ಶೃಂಗೇರಿಯ ಸುತ್ತಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಮರ ತೇವ ಹೀರಿ ಉಬ್ಬುತ್ತದೆ; ಬೇಸಗೆಯಲ್ಲಿ ಹೆಂಚಿನ ಕೆಳಗಿನ ಕಾವಿಗೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ, ಬೆಸುಗೆಯ ಅಂಟು ಬಿಡುತ್ತದೆ. ಬಿರಡೆಗಳು ತಮ್ಮ ರಂಧ್ರಗಳಲ್ಲಿ ಕಚ್ಚಿಕೊಳ್ಳುತ್ತವೆ, ಇಲ್ಲವೆ ಸಡಿಲಗೊಳ್ಳುತ್ತವೆ. ಗೆದ್ದಲು ಹಿಡಿದರಂತೂ ಕೇಳುವುದೇ ಬೇಡ.

ಇಂಥ ವೀಣೆಯನ್ನು ಮತ್ತೆ ಕೆಳಗಿಳಿಸಿದಾಗ ಮನೆಯವರಿಗೆ ಮೊದಲು ಕಾಣುವುದು ಅದರ ಮಾಸಿದ ಮೈ. ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ, ಹೊಳೆಯುವ ಬಣ್ಣ ಬಳಿದುಬಿಟ್ಟರೆ ಹೊಸದಾಗುತ್ತದಲ್ಲ ಎಂಬ ಆಸೆ ಸಹಜ. ವೀಣೆಗಳು ಅಟ್ಟದ ಮೇಲೆ ಕೆಡುವುದು ಎಷ್ಟೋ, ಈ ಆಸೆಯಿಂದ ಕೆಡುವುದೂ ಅಷ್ಟೇ. ಅದು ಹೇಗೆಂದು ತಿಳಿಯಬೇಕಾದರೆ ವೀಣೆ ನುಡಿಯುವ ಬಗೆಯನ್ನು ಸ್ವಲ್ಪ ನೋಡಬೇಕು.

ವೀಣೆಗೆ ಏಳು ತಂತಿಗಳು. ನಾಲ್ಕು ನುಡಿಸುವುದಕ್ಕೆ, ಮೂರು ತಾಳಕ್ಕೆ. ಮೀಟಿದ ತಂತಿಯ ಕಂಪನ ಕುದುರೆಯ ಮೂಲಕ ಕೊಡದ ಮೇಲೆ ಮುಚ್ಚಿರುವ ತೆಳು ಹಲಗೆಗೆ ಇಳಿಯುತ್ತದೆ. ಆ ಹಲಗೆಯೂ ಟೊಳ್ಳಾದ ಕೊಡದೊಳಗಿನ ಗಾಳಿಯೂ ಕಂಪಿಸಿದಾಗಲೇ ಕಿವಿ ತುಂಬುವ ನಾದ ಹುಟ್ಟುತ್ತದೆ. ಬರಿಯ ತಂತಿಯ ದನಿ ಪಕ್ಕದ ಕೋಣೆಗೂ ಕೇಳದು. ಆದುದರಿಂದ ಈ ಹಲಗೆಯ ಮೇಲೆ ದಪ್ಪನಾದ ಬಣ್ಣದ ಪದರವನ್ನು ಹೊದಿಸುವುದೆಂದರೆ ಹಾಡುವವನ ಎದೆಗೆ ಕಂಬಳಿ ಬಿಗಿದಂತೆ. ಅತಿಯಾಗಿ ಉಜ್ಜಿದರೆ ಹಲಗೆಯೇ ತೆಳುವಾಗಿ, ತಂತಿಗಳ ಒತ್ತಡಕ್ಕೆ ಕುದುರೆಯ ಕೆಳಗೆ ಕುಸಿಯಬಹುದು.

ಪಶ್ಚಿಮ ದೇಶಗಳಲ್ಲಿ ಹಳೆಯ ವಿದ್ಯುತ್ ಗಿಟಾರುಗಳನ್ನು ದುರಸ್ತು ಮಾಡುವವರ ನಡುವೆಯೂ ಇದೇ ಚರ್ಚೆ ನಡೆಯುತ್ತದೆಯೆಂಬುದು ಕುತೂಹಲದ ಸಂಗತಿ. ವಿದ್ಯುತ್ ಗಿಟಾರಿನ ಮೈ ಹಲವು ವೇಳೆ ಟೊಳ್ಳಲ್ಲ, ಗಟ್ಟಿಯಾದ ಹಲಗೆ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವಿದ್ದು, ಅದಕ್ಕೆ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವ. ಅಲ್ಲಿ ದನಿ ಬಹುಪಾಲು ಈ ಸುರುಳಿಯಿಂದ ಬರುವುದರಿಂದ ಮೇಲಿನ ಬಣ್ಣದ ಪಾತ್ರ ಕಿರಿದು. ಹಾಗಿದ್ದರೂ 1950ರ ದಶಕದ ಫೆಂಡರ್, ಗಿಬ್ಸನ್ ಗಿಟಾರುಗಳ ಮೂಲ ಬಣ್ಣವನ್ನು ಕಿತ್ತು ಹೊಸದು ಬಳಿದರೆ ಅವುಗಳ ಬೆಲೆ ಬಹಳವಾಗಿ ಇಳಿದುಹೋಗುತ್ತದೆ. ಆ ಕಾಲದಲ್ಲಿ ಬಳಸಿದ್ದು ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳಲ್ಲಿ ಪರಿಷ್ಕರಿಸಿ ಪಡೆದ ನೈಟ್ರೊಸೆಲ್ಯುಲೋಸ್ ಎಂಬ ವಸ್ತುವಿನ ಮೆರುಗೆಣ್ಣೆ. ಮೋಟಾರು ಕಾರುಗಳಿಗೆ ಬಳಿಯುತ್ತಿದ್ದ ಬಣ್ಣವೇ ಗಿಟಾರಿಗೂ ಬಂದಿತು. ವರ್ಷಗಳು ಕಳೆದಂತೆ ಅದು ಹಳದಿಗಟ್ಟಿ ನವಿರಾಗಿ ಬಿರುಕುಬಿಡುತ್ತದೆ. ಆ ಬಿರುಕುಗಳನ್ನೇ ಬಲ್ಲವರು ವಯಸ್ಸಿನ ಸಾಕ್ಷಿಯೆಂದು ಮನ್ನಿಸುತ್ತಾರೆ. ಬಣ್ಣದಿಂದ ದನಿ ಹೆಚ್ಚು ಕೆಡದ ವಾದ್ಯಕ್ಕೇ ಇಷ್ಟು ಎಚ್ಚರವಿರುವಾಗ, ಹಲಗೆಯೇ ಹಾಡುವ ವೀಣೆಗೆ ಎಷ್ಟಿರಬೇಕು!

ವೀಣೆಯ ಹಳೆಯ ಮೆರುಗು ಅರಗಿನಿಂದ ಆದದ್ದಾಗಿದ್ದರೆ ಕೆಲಸ ಸುಲಭ. ಮರದ ಕೊಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ಅಂಟನ್ನು ಶುದ್ಧಿಮಾಡಿ ಚಕ್ಕೆಗಳಾಗಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಪಾಲಿಷ್ ಸಿದ್ಧವಾಗುತ್ತದೆ. (ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿಯೂ ಇದೇ ಅರಗು ಸೇರಿತ್ತು, ಸಂಗೀತಕ್ಕೆ ಈ ಪುಟ್ಟ ಹುಳುವಿನ ಋಣ ದೊಡ್ಡದು.) ಹಳೆಯ ಅರಗು ಹೊಸ ಸ್ಪಿರಿಟ್ಟಿಗೆ ಮತ್ತೆ ಕರಗುತ್ತದೆ. ಆದುದರಿಂದ ಎಲ್ಲವನ್ನೂ ಕೆರೆದು ತೆಗೆಯಬೇಕಾಗಿಲ್ಲ. ಧೂಳು, ಎಣ್ಣೆಯ ಜಿಡ್ಡುಗಳನ್ನು ಒರಸಿ, ಬಟ್ಟೆಯ ಉಂಡೆಯಿಂದ ತೆಳ್ಳಗೆ ಹಲವು ಬಾರಿ ತೀಡಿದರೆ ಹಳೆಯದು ಹೊಸದರೊಡನೆ ಬೆರೆತು ಮೈ ಮತ್ತೆ ಬೆಳಗುತ್ತದೆ. ಅಂಚುಗಳಲ್ಲಿ ದಂತದ ಚಿತ್ತಾರವಿದ್ದ ಹಳೆಯ ವೀಣೆಗಳೂ ಉಂಟು. ಇಂದು ದಂತದ ವ್ಯಾಪಾರಕ್ಕೆ ಕಾನೂನಿನ ನಿಷೇಧವಿರುವುದರಿಂದ ಉದುರಿದ ಎಡೆಯಲ್ಲಿ ಪ್ಲಾಸ್ಟಿಕ್ಕಿನ ತುಂಡನ್ನು ಕೂಡಿಸುತ್ತಾರೆ. ಆನೆಗೆ ಅದೇ ಕ್ಷೇಮ.

ಬಿಟ್ಟ ಬೆಸುಗೆಯನ್ನು ಅಂಟು ಹಾಕಿ ಬಿಗಿದು ಒಣಗಿಸುವುದು, ಸವೆದ ಬಿರಡೆಗೆ ಬದಲು ಹೊಸದನ್ನು ಕಡೆಯುವುದು, ಇವು ಪಳಗಿದ ಬಡಗಿಯೂ ಮಾಡಬಲ್ಲ ಕೆಲಸಗಳು. ಕುದುರೆಯ ಮೇಲಿನ ಲೋಹದ ಹಲಗೆಯದು ಹಾಗಲ್ಲ. ಅದು ನೋಟಕ್ಕೆ ಚಪ್ಪಟೆ. ನಿಜಕ್ಕೂ ಅದರಲ್ಲಿ ಬಹು ಸೂಕ್ಷ್ಮವಾದ ಉಬ್ಬು ಇರುತ್ತದೆ. ತಂತಿ ಆ ಉಬ್ಬನ್ನು ಸವರಿಕೊಂಡು ಅದುರುವುದರಿಂದಲೇ ವೀಣೆಗೆ ತುಂಬುನಾದ ಬರುತ್ತದೆ. ತಂತಿಗಳು ಕೊರೆದ ಗೆರೆಗಳನ್ನು ಅಳಿಸಲೆಂದು ಅದನ್ನು ಅರದಿಂದ ಸಮತಟ್ಟಾಗಿ ಉಜ್ಜಿಬಿಟ್ಟರೆ ದನಿ ಬರಡಾಗುತ್ತದೆ.

ಎಲ್ಲಕ್ಕಿಂತ ಕಠಿನವಾದುದು ಮೇಳ ಕಟ್ಟುವುದು. ವೀಣೆಯಲ್ಲಿ 24 ಮೆಟ್ಟಿಲುಗಳಿವೆ. ಎಂದರೆ ಎರಡು ಸ್ಥಾಯಿಗಳು. ಗಿಟಾರಿನಲ್ಲಿರುವಂತೆ ಇವುಗಳನ್ನು ಮರಕ್ಕೆ ಹೊಡೆದು ಕೂರಿಸಿರುವುದಿಲ್ಲ. ದಂಡಿಯ ಉದ್ದಕ್ಕೂ ಮೇಣದ ಎರಡು ದಿಂಡುಗಳನ್ನು ಕಟ್ಟಿ, ಅವುಗಳ ಮೇಲೆ ಲೋಹದ ಮೆಟ್ಟಿಲುಗಳನ್ನು ಅಡ್ಡಲಾಗಿ ನಿಲ್ಲಿಸುತ್ತಾರೆ. ಜೇನುಮೇಣಕ್ಕೆ ಇದ್ದಿಲ ನುಣುಪುಡಿಯನ್ನೂ ರಾಳವನ್ನೂ ಕೂಡಿಸಿ ಕಾಯಿಸಿದಾಗ ಈ ಕಪ್ಪು ಮೇಣ ದೊರೆಯುತ್ತದೆ. ಮೇಣ ಹೆಚ್ಚಾದರೆ ಬೇಸಗೆಯಲ್ಲಿ ಮೆಟ್ಟಿಲು ಜರುಗುತ್ತದೆ. ರಾಳ ಹೆಚ್ಚಾದರೆ ಚಳಿಯಲ್ಲಿ ಸೀಳುತ್ತದೆ. ಅಟ್ಟದ ವೀಣೆಯ ಮೇಣ ಒಂದೋ ಇಳಿದಿರುತ್ತದೆ, ಇಲ್ಲವೆ ಒಣಗಿ ಉದುರಿರುತ್ತದೆ. ಅದನ್ನೆಲ್ಲ ಕೆತ್ತಿ ತೆಗೆದು ಹೊಸದಾಗಿ ಕಟ್ಟಬೇಕು.

ಮೆಟ್ಟಿಲುಗಳ ಸ್ಥಾನಕ್ಕೆ ಲೆಕ್ಕವೇನೋ ಉಂಟು. ನಾದ ಹೊರಡುವ ತಂತಿಯ ಉದ್ದ 84 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಕುದುರೆಯಿಂದ 63 ಸೆಂಟಿಮೀಟರ್ ದೂರದಲ್ಲಿ ಶುದ್ಧ ಮಧ್ಯಮ, 56ರಲ್ಲಿ ಪಂಚಮ, 42ರಲ್ಲಿ ತಾರಷಡ್ಜ, 21ರಲ್ಲಿ ಅತಿತಾರ ಷಡ್ಜ ಬರಬೇಕು. ಆದರೆ ತಂತಿ ಮೆಟ್ಟಿಲಿಗಿಂತ ಎತ್ತರದಲ್ಲಿ ಹಾದುಹೋಗುವುದರಿಂದ, ಒತ್ತಿದಾಗ ಅದರ ಬಿಗಿ ಹೆಚ್ಚಿ ಸ್ವರ ಸ್ವಲ್ಪ ಏರುತ್ತದೆ. ಆ ಏರಿಕೆ ತಂತಿಯ ದಪ್ಪಕ್ಕೆ ತಕ್ಕಂತೆ ಬೇರೆಬೇರೆ. ಆದುದರಿಂದ ಅಳತೆಗೋಲು ಹತ್ತಿರದವರೆಗೆ ಮಾತ್ರ ಒಯ್ಯುತ್ತದೆ; ಅಲ್ಲಿಂದ ಮುಂದೆ ಕಿವಿಯೇ ಗತಿ. ಮೇಣ ಮೆತ್ತಗಿರುವಾಗಲೇ ಮೇಳ ಕಟ್ಟುವವನು ಒಂದು ಕೈಯಿಂದ ಮೀಟುತ್ತ, ಇನ್ನೊಂದರಿಂದ ಮೆಟ್ಟಿಲನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸುತ್ತ ಸ್ವರವನ್ನು ಹುಡುಕುತ್ತಾನೆ.

ಇಂಥ ಕಿವಿಯುಳ್ಳವರು ಎಲ್ಲ ಊರುಗಳಲ್ಲಿಯೂ ಸಿಗುವುದಿಲ್ಲ. ವೀಣೆ ಶೇಷಣ್ಣನವರಿಂದ (1852–1926) ವಿ. ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ (1920–1997) ಹಿರಿಯ ವೈಣಿಕರು ಬಾಳಿದ ಮೈಸೂರಿನಲ್ಲಿ ಈ ಕಸಬು ಬೇರೂರಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವೂ ವೀಣೆ ಮಾಡುವ ಊರೆಂದೇ ಹೆಸರಾಗಿದೆ. ಕೊಪ್ಪದ ಕಡೆಯ ವೀಣೆಯೊಂದು ಅಷ್ಟು ದೂರ ಹೋಗಿ ಬರುವಾಗ ತಂತಿಗಳನ್ನು ಸಡಿಲಿಸಿ, ಕೊಡದ ಸುತ್ತ ಹಳೆಯ ಹೊದಿಕೆಗಳನ್ನು ತುರುಕಿ, ಬಿಸಿಲು ತಾಗದಂತೆ ಒಯ್ಯಬೇಕಾಗುತ್ತದೆ. ಬಂದ ಮೇಲೆಯೂ ಹೊಸ ಮೇಳ ಸ್ಥಿರಗೊಳ್ಳಲು ಕೆಲವು ವಾರಗಳು ಬೇಕು. ಆ ಅವಧಿಯಲ್ಲಿ ದಿನವೂ ಸ್ವಲ್ಪ ಹೊತ್ತು ನುಡಿಸಿ, ಎಲ್ಲಾದರೂ ಸ್ವರ ಜಾರಿದರೆ ಆ ಮೆಟ್ಟಿಲನ್ನು ಗುರುತುಮಾಡಿಟ್ಟುಕೊಳ್ಳುತ್ತಾರೆ; ಮಳೆಗಾಲ ಹಿಡಿಯುವುದಕ್ಕೆ ಮುಂಚೆ ಅದನ್ನೊಮ್ಮೆ ಬಿಸಿಮಾಡಿ ಸರಿಪಡಿಸುತ್ತಾರೆ.