ತೊಟ್ಟಿಯಲ್ಲಿ ಹುಟ್ಟುವ ಶತ್ರು

೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಬಳಿಯ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡರು. ನೀರನ್ನು ಚೆಲ್ಲಿಸಿದ ಮೇಲೆ ಸೊಳ್ಳೆಯ ಕಾಟ ಬಹುವಾಗಿ ತಗ್ಗಿತು.

ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಬಯಸುವುದು ಕೊಳಚೆಯನ್ನಲ್ಲ, ತಿಳಿನೀರನ್ನು. ಡ್ರಮ್ಮು, ಹೂಕುಂಡದ ತಟ್ಟೆ, ಎಸೆದ ಟೈರು ಇವೇ ಅದರ ತೊಟ್ಟಿಲು. ತೊಟ್ಟಿಯ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಔಷಧದ ಹೊಗೆಯಾದರೋ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುವುದು.

ನೀರಿನಲ್ಲಿ ಒಡೆದ ಮೊಟ್ಟೆಗೆ ರೆಕ್ಕೆ ಮೂಡಲು ಸುಮಾರು ೭ರಿಂದ ೧೦ ದಿನಗಳು ಬೇಕು. ಆದುದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಗೋಡೆಯನ್ನು ಉಜ್ಜಿ, ಮತ್ತೆ ತುಂಬಿದ ನೀರನ್ನು ಮುಚ್ಚಿಡತಕ್ಕದ್ದು. ಒಂದು ಮನೆ ತಪ್ಪಿದರೂ ಅಲ್ಲಿ ಹುಟ್ಟಿದ ಸೊಳ್ಳೆ ನೆರೆಮನೆಯ ಮಗುವನ್ನು ಕಚ್ಚೀತು. ಬೀದಿಯವರೆಲ್ಲ ಸೇರಿ ಒಂದೇ ದಿನವನ್ನು ಗೊತ್ತುಮಾಡಿಕೊಂಡರೆ ಮಾತ್ರ ಈ ಶ್ರಮಕ್ಕೆ ಫಲವುಂಟು.